ಮೀಟರ್ ಮುಂದೆ ಕುಂತು ಮಾಡಿದ ಬ್ಯಾಟರಿ ಲೆಕ್ಕ

ಹೋದ ವರ್ಷ ಭರಣಿ ಮಳೆ ದಾವಣಗೆರೆಗೆ ಗಾಳಿ ಕಟ್ಟಿಕೊಂಡೇ ಬಂತು. ನಿಟ್ಟುವಳ್ಳಿಯ ನಮ್ಮ ಬೀದಿ ತುದಿಯಲ್ಲಿ ಬೇವಿನ ಕೊಂಬೆ ಮುರಿದು ಲೈನ್ ಮೇಲೆ ಬಿತ್ತು. ರಾತ್ರಿ ಎಂಟೂವರೆಗೆ ಹೋದ ಕರೆಂಟು ಬಂದಿದ್ದು ಬೆಳಿಗ್ಗೆ ಐದೂವರೆಗೆ. ನಮ್ಮ ಹಳೇ ಯುಪಿಎಸ್ ಹನ್ನೊಂದೂಮುಕ್ಕಾಲರವರೆಗೆ ಹೇಗೋ ಎಳೆಯಿತು. ಆಮೇಲೆ ಎರಡು ಸಲ ಕೀಂ ಕೀಂ ಅಂದು ಸುಮ್ಮನಾಯಿತು.

ಅತ್ತೆಗೆ ಉಬ್ಬಸ ಇದೆ. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟತೊಡಗಿತು. ನೆಬ್ಯುಲೈಸರ್ ಕೈಯಲ್ಲೇ ಇದೆ, ಔಷಧಿ ಇದೆ, ಕರೆಂಟಿಲ್ಲ. ಮಳೆಯಲ್ಲೇ ನಮ್ಮ ಮನೆಯವರು ಹೋಗಿ ಆಟೋ ಕರೆತಂದರು. ಜನರೇಟರ್ ಇರುವ ಒಂದು ನರ್ಸಿಂಗ್ ಹೋಮ್‌ನಲ್ಲಿ ಹದಿನೈದು ನಿಮಿಷ ಆವಿ ಕೊಟ್ಟ ಮೇಲೆ ಅತ್ತೆ ಕಣ್ಣು ಬಿಟ್ಟು ಮಾತಾಡಿದರು. ವಾಪಸ್ ಬರುವಾಗ ಮನೆ ಮೇಲಿನ ಆರು ಸೋಲಾರ್ ಪ್ಯಾನಲ್‌ಗಳು ಮಿಂಚಿಗೆ ಹೊಳೆಯುತ್ತಿದ್ದವು. ಅವನ್ನು ನೋಡಿ ನನಗೆ ಅಳು ಬಂತು.

ಆ ಪ್ಯಾನಲ್ ಹಾಕಿಸಿದ್ದು 2024ರಲ್ಲಿ, ಪಿಎಂ ಸೂರ್ಯಘರ್ ಯೋಜನೆಯಲ್ಲಿ. ಮೂರು ಕಿಲೋವ್ಯಾಟ್, 78 ಸಾವಿರ ಸಬ್ಸಿಡಿ ಬಂತು. ಅದು ಆನ್‌ಗ್ರಿಡ್ ಸಿಸ್ಟಮ್. ಲೈನ್‌ನಲ್ಲಿ ಕರೆಂಟ್ ಇದ್ದರೆ ಮಾತ್ರ ಕೆಲಸ ಮಾಡುತ್ತೆ. ಮಟಮಟ ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲಿದ್ದರೂ ಕರೆಂಟ್ ಹೋದ ಕೂಡಲೇ ಅದೂ ನಿಲ್ಲುತ್ತೆ. ಮೊದಲು ನನಗೆ ಇದು ಅನ್ಯಾಯ ಅನಿಸಿತ್ತು. ಆದರೆ ಕಾರಣ ಸರಿಯಾದದ್ದೇ. ಲೈನ್ ಆಫ್ ಮಾಡಿಕೊಂಡು ಕಂಬದ ಮೇಲೆ ಲೈನ್‌ಮನ್ ಕೆಲಸ ಮಾಡುತ್ತಿರುತ್ತಾರೆ. ಆಗ ನಮ್ಮ ಮನೆಯ ಕರೆಂಟು ಆ ತಂತಿಗೆ ಹೋದರೆ ಒಂದು ಜೀವ ಹೋಗುತ್ತೆ. ಆ ರಾತ್ರಿ ಸುರಿಯುವ ಮಳೆಯಲ್ಲಿ ಕಂಬ ಹತ್ತಿದವರನ್ನು ಕಣ್ಣಾರೆ ನೋಡಿದ ಮೇಲೆ ಆ ಬಗ್ಗೆ ನನ್ನ ದೂರು ಹೋಯಿತು. ಆದರೆ ಬ್ಯಾಟರಿ ಬೇಕೇ ಬೇಕು ಅನ್ನುವುದು ಗಟ್ಟಿಯಾಯಿತು.

ಮರುವಾರ ಎರಡು ಅಂಗಡಿಗೆ ಹೋದೆವು. ಮೊದಲನೆಯವರು ನಮ್ಮ ಮನೆ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಮೂರು ಕಿಲೋವ್ಯಾಟ್ ಪ್ಯಾನಲ್ ಅಲ್ವಾ ಮೇಡಂ, ಹತ್ತು ಯೂನಿಟ್ ಲಿಥಿಯಂ ಹಾಕ್ಸಿಬಿಡಿ, ಚಿಂತೆನೇ ಇರಲ್ಲ" ಅಂದರು. ಎರಡನೆಯವರು "ಒಂದು 150 ಆಂಪಿಯರ್ ಅವರ್ ಟ್ಯೂಬುಲರ್ ಸಾಕು" ಅಂದರು. ಟ್ಯೂಬುಲರ್ ಅಂದರೆ ಮನೆ ಯುಪಿಎಸ್‌ಗೆ ಹಾಕುವ ಸೀಸದ ಬ್ಯಾಟರಿ, ಆ ಸೈಜಿನದು ಎರಡು ಯೂನಿಟ್ಟೂ ಇಲ್ಲ. ಒಬ್ಬರ ಲೆಕ್ಕಕ್ಕೂ ಇನ್ನೊಬ್ಬರ ಲೆಕ್ಕಕ್ಕೂ ಐದು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ದುಡ್ಡಿನಲ್ಲಂತೂ ಲಕ್ಷದ ಮೇಲೆ. ನಾನು ಬ್ಲೌಸ್ ಹೊಲಿಯುವವಳು. ಅಳತೆ ತಗೊಳ್ಳದೆ ಬಟ್ಟೆಗೆ ಕತ್ತರಿ ಹಾಕಿದವಳಲ್ಲ. ಇವರು ಅಳತೆನೇ ತಗೊಳ್ಳದೆ ಲಕ್ಷಾಂತರ ರೂಪಾಯಿ ಮಾತಾಡುತ್ತಿದ್ದಾರಲ್ಲ ಅನಿಸಿತು. ಸರಿ, ಅಳತೆ ನಾನೇ ತಗೊಳ್ಳೋಣ ಅಂತ ಮಗಳ ಹಳೇ ನೋಟ್‌ಬುಕ್ ಒಂದನ್ನು ತೆಗೆದೆ.

ಹದಿನೈದು ದಿನ ಸಂಜೆ ಆರಕ್ಕೆ ಒಂದು ಸಲ, ಬೆಳಿಗ್ಗೆ ಆರಕ್ಕೆ ಒಂದು ಸಲ ಮೀಟರ್ ಓದಿ ಬರೆದೆ. ಸೋಲಾರ್ ಇರುವವರ ನೆಟ್ ಮೀಟರಿನಲ್ಲಿ ಒಳಗೆ ಬಂದಿದ್ದು, ಹೊರಗೆ ಹೋಗಿದ್ದು ಎರಡೂ ಬೇರೆ ಬೇರೆ ತೋರಿಸುತ್ತೆ. ಒಳಗೆ ಬಂದಿದ್ದನ್ನು ಬರೆದುಕೊಳ್ಳಬೇಕು. ನಮ್ಮದು ಒಂದು ರಾತ್ರಿಗೆ ಸರಾಸರಿ 4.3 ಯೂನಿಟ್ ಬಂತು. ಅದರಲ್ಲಿ ಬೆಳಗಿನ ಜಾವದ ಗೀಸರ್ ಒಂದೇ 0.8. ನೀರೆತ್ತುವ ಮೋಟಾರ್ 0.3. ಕರೆಂಟ್ ಹೋದ ರಾತ್ರಿ ಇವೆರಡೂ ಬೇಡ. ಸ್ನಾನಕ್ಕೆ ಗ್ಯಾಸ್ ಮೇಲೆ ನೀರು ಕಾಯಿಸಬಹುದು, ಟ್ಯಾಂಕಿನಲ್ಲಿ ನೀರು ಇದ್ದೇ ಇರುತ್ತೆ. ಉಳಿದಿದ್ದು 3.2.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ 3.2 ಯಾರ್ಯಾರ ಹೊಟ್ಟೆಗೆ ಹೋಗುತ್ತಿದೆ ಅಂತ ತಿಳಿಯಬೇಕಿತ್ತು. ಆಗ ಕಣ್ಣಿಗೆ ಬಿದ್ದಿದ್ದು ಮೀಟರಿನ ಕೆಂಪು ದೀಪ. ಮಿಣುಕ್ ಮಿಣುಕ್ ಅನ್ನುತ್ತಾ ಇರುತ್ತಲ್ಲ, ಅದು. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಯೂನಿಟ್‌ಗೆ ಎಷ್ಟು ಇಂಪಲ್ಸ್ ಅಂತ ಬರೆದಿರುತ್ತೆ. ನಮ್ಮದರಲ್ಲಿ 3200. ಅಂದರೆ ಆ ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್ ಖರ್ಚಾಯಿತು ಅಂತ ಅರ್ಥ. ಒಂದು ನಿಮಿಷಕ್ಕೆ ಎಷ್ಟು ಮಿಣುಕುತ್ತೆ ಎಣಿಸಿ. ಅದನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿ. ಬಂದಿದ್ದು ಕಿಲೋವ್ಯಾಟ್.

ಒಂದು ಸಂಜೆ ಏಳೂವರೆ ಮೇಲೆ, ಸೋಲಾರ್ ಪೂರಾ ಮಲಗಿದ ಹೊತ್ತಿಗೆ, ಮನೆಯಲ್ಲಿ ಎಲ್ಲ ಆಫ್ ಮಾಡಿ ಹಾಲ್‌ನ ಫ್ಯಾನ್ ಒಂದನ್ನೇ ಹಾಕಿದೆ. ಮಗಳು ಮೊಬೈಲಿನಲ್ಲಿ ನಿಮಿಷ ಹಿಡಿದಳು. ನಾನು ಎಣಿಸಿದೆ. ನಾಲ್ಕು. ನಾಲ್ಕು ಗುಣಿಸು ಅರವತ್ತು, 240. ಅದನ್ನು 3200ರಿಂದ ಭಾಗಿಸಿದರೆ 0.075. ಅಂದರೆ 75 ವ್ಯಾಟ್. ಪ್ಯಾಕೆಟ್ ಮೇಲೆ ಬರೆದಿರುವುದೂ ಅಷ್ಟೇ. ನನಗಾದ ಖುಷಿ ಹೇಳತೀರದು! ಗೋಡೆಗೆ ನೇತುಬಿದ್ದ ಆ ಡಬ್ಬಿ ಅಷ್ಟು ದಿನದಿಂದ ಎಲ್ಲವನ್ನೂ ಹೇಳುತ್ತಲೇ ಇತ್ತು, ಕೇಳಿಸಿಕೊಂಡಿರಲಿಲ್ಲ.

ಆಮೇಲೆ ಒಂದೊಂದನ್ನೇ ಅಳೆದೆ. ಫ್ರಿಜ್ ಕಂಪ್ರೆಸರ್ ಓಡುವಾಗ ನಿಮಿಷಕ್ಕೆ ಎಂಟು, ಅಂದರೆ 150 ವ್ಯಾಟ್. ಆದರೆ ಅದು ರಾತ್ರಿ ಹೊತ್ತು ಗಂಟೆಗೆ ಇಪ್ಪತ್ತೈದು ನಿಮಿಷ ಮಾತ್ರ ಓಡುತ್ತೆ, ಉಳಿದಂತೆ ಸುಮ್ಮನಿರುತ್ತೆ. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬ್ ಒಂದನ್ನೇ ಹಾಕಿದರೆ ಎರಡು ನಿಮಿಷಕ್ಕೊಂದು ಸಲ ಮಿಣುಕುತ್ತೆ. ಇಸ್ತ್ರಿ ಪೆಟ್ಟಿಗೆ ಹಾಕಿದಾಗಂತೂ ಎಣಿಸುವುದೇ ಕಷ್ಟ, ಹೆಚ್ಚುಕಮ್ಮಿ ಸೆಕೆಂಡಿಗೊಂದು.

ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು: "ಅದೇನವ್ವಾ, ದಿನಾ ಮೀಟ್ರು ಮುಂದೆ ಕುಂತು ಬರೀತಿಯಲ್ಲ?" ಹೇಳಿದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಹಂಗಾರೆ ಇದು ನಮ್ಮ ಹಗೇವಿನ ಲೆಕ್ಕನೇ ಬಿಡು" ಅಂದರು.

ಹಗೇವು ಈಗಿನ ಮಕ್ಕಳಿಗೆ ಗೊತ್ತಿಲ್ಲ. ನೆಲದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲವಂತೆ. ಒಳಗಿನ ಕೆಟ್ಟ ಗಾಳಿ ಹೋಗಲಿ ಅಂತ ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರಂತೆ. ಅತ್ತೆ ಹೇಳಿದ್ದು ಇಷ್ಟು: "ಹಗೇವು ತೋಡ್ಸುವಾಗ ಎರಡು ನೋಡ್ತಿದ್ರು ನಮ್ಮಪ್ಪ. ಮನೇಲಿ ಉಣ್ಣೋ ಬಾಯಿ ಎಷ್ಟು, ಬರಗಾಲದ ವರ್ಷ ಹೊಲದಾಗೆ ಬೆಳೆಯೋದೆಷ್ಟು. ಒಳ್ಳೆ ವರ್ಷದ ಬೆಳೆ ನೋಡಿ ತೋಡಿದ್ರೆ ಅರ್ಧ ಖಾಲಿನೇ ಇರ್ತಿತ್ತು."

ನನ್ನ ಲೆಕ್ಕದಲ್ಲಿ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ. ಆ ರಾತ್ರಿಯೇ ಸೋಲಾರ್ ಆ್ಯಪ್ ತೆಗೆದು ಹಿಂದಿನ ವರ್ಷದ ಜುಲೈ ತಿಂಗಳು ನೋಡಿದೆ. ಬೇಸಿಗೆಯಲ್ಲಿ ದಿನಕ್ಕೆ 12, 13 ಯೂನಿಟ್ ಕೊಡುವ ಪ್ಯಾನಲ್‌ಗಳು ಆಷಾಢದ ಮೋಡದಲ್ಲಿ ಕೆಲವು ದಿನ ನಾಲ್ಕು, ಐದಕ್ಕೆ ಇಳಿದಿದ್ದವು. (ಅದೇ ಆಷಾಢದಲ್ಲಿ ಚಿತ್ರದುರ್ಗದ ಕಡೆ ಹೋಗುವಾಗ ನೋಡಿ, ಗುಡ್ಡದ ಮೇಲಿನ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿರುತ್ತವೆ. ಬಿಸಿಲು ಕೈಕೊಟ್ಟ ದಿನವೇ ಗಾಳಿ ಕೈಹಿಡಿಯುತ್ತೆ. ಮನೆ ಮೇಲೆ ಅದನ್ನು ಇಡೋಕಾಗಲ್ಲ ಅಷ್ಟೇ.) ಅಂಥ ದಿನ ಬರುವ ನಾಲ್ಕೈದು ಯೂನಿಟ್‌ನಲ್ಲೇ ಹಗಲಿನ ಫ್ರಿಜ್, ನನ್ನ ಮಷಿನ್ ನಡೆಯಬೇಕು. ಹತ್ತು ಯೂನಿಟ್ ಬ್ಯಾಟರಿ ಎಲ್ಲಿಂದ ತುಂಬಬೇಕು? ಲೈನ್ ಕರೆಂಟಿನಿಂದ ತುಂಬಬಹುದು, ನಿಜ. ಆದರೆ ಮಳೆಗಾಲದಲ್ಲಿ ಅದೇ ಅಲ್ವಾ ಕೈಕೊಡುವುದು.

ಇನ್ನು ಉಣ್ಣೋ ಬಾಯಿ. ಮಿಣುಕು ಎಣಿಸಿ ಬರೆದಿದ್ದನ್ನು ಇಲ್ಲಿ ಇಡುತ್ತೇನೆ. ಎರಡು ಫ್ಯಾನ್ ಹತ್ತು ಗಂಟೆ, 1.5 ಯೂನಿಟ್. ಫ್ರಿಜ್ 0.6. ದೀಪಗಳು 0.2. ಟಿವಿ 0.2. ವೈಫೈ ಡಬ್ಬಿ 0.1. ನೆಬ್ಯುಲೈಸರ್ ಮೂರು ಸಲ ಹಾಕಿದರೂ 0.1. ನನ್ನ ಹೊಲಿಗೆ ಮಷಿನ್ ಎರಡು ಗಂಟೆ 0.2. ಮಗಳ ಲ್ಯಾಪ್‌ಟಾಪ್, ಎಲ್ಲರ ಮೊಬೈಲ್ 0.2. ಒಟ್ಟು 3.1. ಮೀಟರ್ ಓದಿ ಬಂದಿದ್ದು 3.2. ಎರಡು ದಾರಿಯಲ್ಲಿ ಹೋದರೂ ಒಂದೇ ಕಡೆ ಬಂದೆ. ಆಗ ಲೆಕ್ಕದ ಮೇಲೆ ನಂಬಿಕೆ ಬಂತು.

ನೋಡಿ, ಪ್ರಾಣಕ್ಕೆ ಬೇಕಾದ ನೆಬ್ಯುಲೈಸರ್ ತಗೊಳ್ಳುವುದು 0.1. ಫ್ಯಾನ್ ತಗೊಳ್ಳುವುದು ಅರ್ಧಕ್ಕೆ ಅರ್ಧ. ಎರಡೂ ಫ್ಯಾನ್ ತೆಗೆಸಿ ಬಿಎಲ್‌ಡಿಸಿ, ಅಂದರೆ ಬ್ರಷ್ ಇಲ್ಲದ ಮೋಟಾರಿನ ಫ್ಯಾನ್ ಹಾಕಿಸಿದೆ. ಒಂದಕ್ಕೆ ಮೂರು ಸಾವಿರ ಆಯಿತು. ಅವು 30 ವ್ಯಾಟ್ ಒಳಗೇ ತಿರುಗುತ್ತವೆ. 1.5 ಇದ್ದಿದ್ದು 0.6ಕ್ಕೆ ಬಂತು. ಒಟ್ಟು 2.2.

ಹಾಗಾದರೆ 2.2 ಯೂನಿಟ್ ಬ್ಯಾಟರಿ ಸಾಕಾ? ಸಾಲದು. ಅಂಗಡಿಯಲ್ಲಿ ಹೇಳದೆ ಬಿಡುವುದು ಇಲ್ಲೇ. ಬ್ಯಾಟರಿಯ ಕರೆಂಟ್ ಇನ್ವರ್ಟರ್ ದಾಟಿ ಬರುವಾಗ ಹತ್ತರಲ್ಲಿ ಒಂದು ಭಾಗ ಶಾಖವಾಗಿ ಹೋಗುತ್ತೆ. ಬ್ಯಾಟರಿಯನ್ನು ಪೂರಾ ಖಾಲಿ ಮಾಡಬಾರದು, ಲಿಥಿಯಂ ಆದರೂ 15 ಪರ್ಸೆಂಟ್ ಉಳಿಸಬೇಕು. ವರ್ಷ ಕಳೆದಂತೆ ಅದರ ಹೊಟ್ಟೆಯೂ ಚಿಕ್ಕದಾಗುತ್ತೆ. ಎಂಟು ಹತ್ತು ವರ್ಷದ ಮೇಲೆ 80 ಪರ್ಸೆಂಟ್ ಉಳಿದಿರುತ್ತೆ ಅಂತ ಇಟ್ಟುಕೊಂಡೆ. ಅಂದರೆ 2.2ನ್ನು 0.9ರಿಂದ, ಆಮೇಲೆ 0.85ರಿಂದ, ಆಮೇಲೆ 0.8ರಿಂದ ಭಾಗಿಸಬೇಕು. 3.6 ಬಂತು. ಹಳೇ ಫ್ಯಾನ್ ಇದ್ದಿದ್ದರೆ ಅದೇ ಲೆಕ್ಕ 5.1 ಆಗುತ್ತಿತ್ತು. ನನಗೆ ಬಂದ ಕೊಟೇಷನ್‌ನಲ್ಲಿ ಲಿಥಿಯಂ ಒಂದು ಯೂನಿಟ್‌ಗೆ 18 ಸಾವಿರದ ಆಸುಪಾಸು. ಆರು ಸಾವಿರದ ಫ್ಯಾನ್ 26 ಸಾವಿರದ ಬ್ಯಾಟರಿಯ ಕೆಲಸ ಮಾಡಿತು. ಬ್ಯಾಟರಿ ಕೇಳೋಕೆ ನನ್ನ ಹತ್ತಿರ ಯಾರು ಬಂದರೂ ಮೊದಲು ಫ್ಯಾನ್ ತೋರಿಸಿ ಅಂತೀನಿ.

ಟ್ಯೂಬುಲರ್ ಬಗ್ಗೆ ಒಂದು ಮಾತು. ಎಷ್ಟೋ ಮನೆಯಲ್ಲಿ ಇರುವುದು ಅದೇ. 12 ವೋಲ್ಟ್, 150 ಆಂಪಿಯರ್ ಅವರ್ ಅಂದರೆ ಗುಣಿಸಿದರೆ 1800 ವ್ಯಾಟ್ ಅವರ್. ಸಾವಿರ ವ್ಯಾಟ್ ಅವರ್‌ಗೆ ಒಂದು ಯೂನಿಟ್, ಅಂದರೆ 1.8 ಯೂನಿಟ್. ಆದರೆ ಸೀಸದ ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಜಾಸ್ತಿ ಇಳಿಸಬಾರದು. 0.9 ಉಳಿಯಿತು. ಇನ್ವರ್ಟರ್ ಪಾಲು ಕಳೆದರೆ 0.8. ಮೈಮೇಲೆ ಸಿ10 ಅಂತ ಇದೆಯಾ ಸಿ20 ಅಂತ ಇದೆಯಾ ಅಂತಲೂ ನೋಡಿ. ಹತ್ತು ಗಂಟೆಯಲ್ಲಿ ಖಾಲಿಯಾಗುವಂತೆ ಬಳಸಿದರೆ 150 ಸಿಗುವುದು ಸಿ10, ಇಪ್ಪತ್ತು ಗಂಟೆ ನಿಧಾನವಾಗಿ ಬಳಸಿದರೆ ಮಾತ್ರ 150 ಸಿಗುವುದು ಸಿ20. ಸೋಲಾರ್‌ಗೆ ಸಿ10 ಬೇಕು. ವರ್ಷ ಕಳೆದಂತೆ ಹೊಟ್ಟೆ ಚಿಕ್ಕದಾಗುವುದನ್ನೂ ಸೇರಿಸಿದರೆ ನಮ್ಮ 2.2 ಯೂನಿಟ್‌ಗೆ ಅಂಥವು ನಾಲ್ಕು ಬೇಕಾಗುತ್ತಿತ್ತು. ಒಂದೊಂದೂ ಐವತ್ತು ಕೆಜಿ ಮೇಲೆ. ಪದೇ ಪದೇ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಗಾಳಿ ಆಡುವ ಜಾಗ ಬೇಕು. ಕೊಳ್ಳುವಾಗ ಅಗ್ಗ, ನಿಜ. ಕೈಯಲ್ಲಿ ದುಡ್ಡು ಕಡಿಮೆ ಇದ್ದು, ಕರೆಂಟ್ ಹೋಗುವುದು ಒಂದೆರಡು ಗಂಟೆ ಮಾತ್ರ ಆದರೆ ಈಗಲೂ ಅದು ಒಳ್ಳೆಯದೇ. ಸಾಲ ಮಾಡಿ ಲಿಥಿಯಂ ಹಾಕಿಸಿ ಅಂತ ನಾನು ಯಾರಿಗೂ ಹೇಳಲ್ಲ.

ನಾವು ತಗೊಂಡಿದ್ದು ಲಿಥಿಯಂ ಐರನ್ ಫಾಸ್ಫೇಟ್. 51.2 ವೋಲ್ಟ್, 100 ಆಂಪಿಯರ್ ಅವರ್, ಅಂದರೆ 5.12 ಯೂನಿಟ್. ನನಗೆ ಬೇಕಿದ್ದಿದ್ದು 3.6. ಆನ್‌ಗ್ರಿಡ್‌ದು ತೆಗೆಸಿ, ಪ್ಯಾನಲ್, ಲೈನ್, ಬ್ಯಾಟರಿ ಮೂರನ್ನೂ ನಡೆಸುವ ಹೈಬ್ರಿಡ್ ಇನ್ವರ್ಟರ್ ಹಾಕಿಸಿದೆವು. ಅದಕ್ಕೆ ಹೊಂದುವುದರಲ್ಲಿ 3.6ಕ್ಕೆ ಹತ್ತಿರದ ಸೈಜ್ ಇದೇ ಇತ್ತು. ಬೇಕಾದರೆ ಮುಂದೆ ಪಕ್ಕದಲ್ಲಿ ಇನ್ನೊಂದು ಜೋಡಿಸಬಹುದು. ಈಗಲೇ ಹತ್ತು ಯಾಕೆ?

ಕೊಳ್ಳುವ ಮುಂಚೆ ಇನ್ನೊಂದು ಕೇಳಲೇಬೇಕು. ಎಷ್ಟು ಹೊತ್ತು ಬರುತ್ತೆ ಅನ್ನುವುದು ಬೇರೆ, ಒಂದೇ ಸಲಕ್ಕೆ ಎಷ್ಟು ಎಳೆಯಬಹುದು ಅನ್ನುವುದು ಬೇರೆ. ಅಂಗಡಿಯಲ್ಲಿ "ಐದು ಕಿಲೋವ್ಯಾಟ್ ಬ್ಯಾಟರಿ" ಅಂತಾರೆ. "ಕಿಲೋವ್ಯಾಟಾ, ಯೂನಿಟ್ಟಾ?" ಅಂತ ಬಿಡದೆ ಕೇಳಿ. ನಾವು ಮೊದಲು ನೋಡಿದ ಒಂದು ಬ್ಯಾಟರಿಯಲ್ಲಿ 5.12 ಯೂನಿಟ್ ಇತ್ತು, ಆದರೆ 50 ಆಂಪಿಯರ್‌ಗಿಂತ ಜಾಸ್ತಿ ಎಳೆಯುವಂತಿರಲಿಲ್ಲ. ಅಂದರೆ 2.5 ಕಿಲೋವ್ಯಾಟ್‌ಗೆ ಅದರ ಕೈ ಮುಗಿಯಿತು. ಮನೆಯ ಒಂದು ಎಚ್‌ಪಿ ಮೋಟಾರ್ ಓಡುವಾಗ ಒಂದು ಕಿಲೋವ್ಯಾಟ್ ತಗೊಂಡರೂ ಹೊರಡುವ ಕ್ಷಣಕ್ಕೆ ಅದರ ಮೂರು ನಾಲ್ಕು ಪಟ್ಟು ಎಳೆಯುತ್ತೆ. ಬ್ಯಾಟರಿ ತುಂಬಿದ್ದರೂ ಆ ಒಂದು ಕ್ಷಣಕ್ಕೆ ಇಡೀ ಮನೆ ಕತ್ತಲಾಗುತ್ತೆ. ಅದಕ್ಕೆ ಮೋಟಾರ್, ಗೀಸರ್, ಇಸ್ತ್ರಿ ಪೆಟ್ಟಿಗೆ ಪ್ಲಗ್, ಈ ಮೂರನ್ನೂ ಬ್ಯಾಟರಿ ಲೈನಿಗೆ ಸೇರಿಸದೆ ಬೇರೆ ಮಾಡಿಸಿದೆವು. ವೈರಿಂಗ್ ಬೇರೆ ಮಾಡಲು ಹುಡುಗ ಒಂದು ದಿನ ಪೂರ್ತಿ ತಗೊಂಡ. ಅವನ ಒಂದು ದಿನದ ಕೂಲಿ ಕೊಟ್ಟಿದ್ದಕ್ಕೆ ನನಗೆ ಸ್ವಲ್ಪವೂ ಬೇಸರ ಇಲ್ಲ.

ಬಿಲ್ ಉಳಿಯುತ್ತೆ ಅಂತ ಬ್ಯಾಟರಿ ಹಾಕಿಸುವವರು ಸ್ವಲ್ಪ ನಿಂತು ಯೋಚಿಸಿ. ನೆಟ್ ಮೀಟರ್ ಇದ್ದರೆ ಹಗಲು ಹೊರಗೆ ಕಳಿಸಿದ ಯೂನಿಟ್ ರಾತ್ರಿ ತಗೊಂಡಿದ್ದಕ್ಕೆ ವಜಾ ಆಗುತ್ತೆ. ಬ್ಯಾಟರಿಯಲ್ಲಿ ಇಟ್ಟು ತೆಗೆದರೆ ಹತ್ತರಲ್ಲೊಂದು ಭಾಗ ಕಳೆದುಕೊಂಡು ತೆಗೆಯುತ್ತೇವೆ. ಸೂರ್ಯಘರ್ ಸಬ್ಸಿಡಿಯೂ ಪ್ಯಾನಲ್ ಲೆಕ್ಕಕ್ಕೆ ಬರುವುದು, ಬ್ಯಾಟರಿಗೆ ಅಂತ ಜಾಸ್ತಿ ಬರಲ್ಲ. ಆನ್‌ಗ್ರಿಡ್ ತೆಗೆದು ಹೈಬ್ರಿಡ್ ಹಾಕಿಸುವ ಮುಂಚೆ ಬೆಸ್ಕಾಂ ಕಚೇರಿಯಲ್ಲಿ ಒಂದು ಸಲ ಕೇಳಿಕೊಳ್ಳಿ. ನಾನು ಬ್ಯಾಟರಿ ಹಾಕಿಸಿದ್ದು ಅತ್ತೆಯ ಉಸಿರಿಗೆ. ಅದಕ್ಕೇ ಇನ್ವರ್ಟರಿನಲ್ಲಿ ರಿಸರ್ವ್ ಅಂತ ಇರುವುದನ್ನು, ಅಂದರೆ ಲೈನ್‌ನಲ್ಲಿ ಕರೆಂಟ್ ಇರುವಾಗ ಬ್ಯಾಟರಿ ಎಷ್ಟು ಪರ್ಸೆಂಟಿಗಿಂತ ಕೆಳಗೆ ಇಳಿಯಬಾರದು ಅನ್ನುವುದನ್ನು, ಮಳೆಗಾಳಿ ದಿನಗಳಲ್ಲಿ 90ಕ್ಕೆ ಇಡುತ್ತೇನೆ. ಬೇರೆ ದಿನ 65. ಅದಕ್ಕಿಂತ ಕೆಳಗೆ ಇಳಿಸಲ್ಲ. ಒಂದು ರಾತ್ರಿಗೆ ನಮಗೆ ಬೇಕಾಗಿರುವುದು 48 ಪರ್ಸೆಂಟ್, ತಳದಲ್ಲಿ ಬಿಡಬೇಕಾದ್ದು 15. ಎರಡೂ ಸೇರಿದರೆ 63.

ಇಡುವ ಜಾಗದಲ್ಲಿ ಒಂದು ತಪ್ಪು ಮಾಡುವುದರಲ್ಲಿದ್ದೆವು. ಇನ್ವರ್ಟರಿಗೆ ಹತ್ತಿರ ಅಂತ ಮಾಳಿಗೆ ಮೆಟ್ಟಿಲ ಮೇಲಿನ ಶೀಟಿನ ಕೋಣೆಯಲ್ಲಿ ಇಡೋಣ ಅಂದಿದ್ದರು ನಮ್ಮ ಮನೆಯವರು. ಏಪ್ರಿಲ್‌ನಲ್ಲಿ ಅಲ್ಲಿ ಕೈ ಇಟ್ಟರೆ ಗೋಡೆ ಸುಡುತ್ತೆ. ಬ್ಯಾಟರಿಗೆ ಹಿತವಾದ ಬಿಸಿ 25 ಡಿಗ್ರಿ ಆಸುಪಾಸು. ಸೀಸದ ಬ್ಯಾಟರಿಯಾದರೆ ಅದಕ್ಕಿಂತ ಹತ್ತು ಡಿಗ್ರಿ ಹೆಚ್ಚು ಬಿಸಿಯಲ್ಲಿ ಇಟ್ಟರೆ ಆಯಸ್ಸು ಹೆಚ್ಚುಕಮ್ಮಿ ಅರ್ಧ ಅನ್ನುತ್ತಾರೆ. ಲಿಥಿಯಂಗೂ ಬಿಸಿ ಆಗಿಬರಲ್ಲ. ಕೆಳಗೆ ನಡುಮನೆಯ ಉತ್ತರದ ಗೋಡೆಗೆ, ಮೊದಲು ನನ್ನ ಬಟ್ಟೆ ಗಂಟು ಇಡುತ್ತಿದ್ದ ಮೂಲೆಯಲ್ಲಿ ಹಾಕಿಸಿದೆವು. ವೈರ್ ಉದ್ದ ಆಯಿತು, ಅದಕ್ಕೆ ದಪ್ಪ ವೈರ್ ಬೇಕಾಯಿತು. ಆಗಲಿ.

ಹಾಕಿಸಿದ ಮೇಲೆ ಅಭ್ಯಾಸವೂ ಬದಲಾಯಿತು. ಬ್ಲೌಸ್‌ಗಳ ಇಸ್ತ್ರಿ ಈಗ ಮಧ್ಯಾಹ್ನ ಹನ್ನೆರಡರ ಮೇಲೆ. ದೋಸೆ ಹಿಟ್ಟು ರುಬ್ಬುವುದು ಹನ್ನೊಂದಕ್ಕೆ. ಬಿಸಿಲಿರುವಾಗಲೇ ಮುಗಿಸಿಬಿಡುವುದು.

ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಒಂಬತ್ತಕ್ಕೆ ಕರೆಂಟ್ ಹೋಯಿತು. ಪರದೆಯಲ್ಲಿ 90 ತೋರಿಸುತ್ತಿತ್ತು. ನನಗೆ ನಿದ್ದೆ ಹತ್ತಲಿಲ್ಲ. ಹನ್ನೆರಡಕ್ಕೊಮ್ಮೆ, ಮೂರಕ್ಕೊಮ್ಮೆ ಎದ್ದು ನೋಡಿದೆ. ಮೂರು ಗಂಟೆಗೆ ಅತ್ತೆಗೆ ಆವಿ ಕೊಟ್ಟೆ. ಐದಕ್ಕೆ ಕರೆಂಟ್ ಬಂದಾಗ 51 ಇತ್ತು. 39 ಪರ್ಸೆಂಟ್, ಅಂದರೆ ಎರಡು ಯೂನಿಟ್. ನೋಟ್‌ಬುಕ್ಕಿನಲ್ಲಿ ಆ ತಾರೀಖಿನ ಮುಂದೆ ಬರೆದಿಟ್ಟೆ.

ಈಗ ಭರಮಸಾಗರದ ಹತ್ತಿರ ಊರಲ್ಲಿರುವ ನಮ್ಮಣ್ಣ ಕೇಳುತ್ತಿದ್ದಾನೆ, "ತಂಗೀ, ನಂಗೆ ಎಷ್ಟು ಯೂನಿಟ್ಟಿಂದು ಬೇಕಾಗ್ತತಿ?" ಅಂತ. ಬೋರ್‌ವೆಲ್‌ದು ಬಿಟ್ಟುಬಿಡು, ಐದು ಎಚ್‌ಪಿ ಮೋಟಾರಿಗೆ ಮನೆ ಬ್ಯಾಟರಿ ಲೆಕ್ಕ ಬೇಡ, ಮನೆದು ಮಾತ್ರ ಹೇಳು ಅಂದೆ. ಮೀಟರಿನ ಫೋಟೋ ಕಳಿಸಿದ್ದಾನೆ. ಅದರ ಮೇಲೆ 1600 ಅಂತ ಇದೆ. ಅಲ್ಲಿಯ ಒಂದು ಮಿಣುಕು ನಮ್ಮ ಎರಡಕ್ಕೆ ಸಮ. ಫ್ಯಾನ್ ಒಂದನ್ನೇ ಹಾಕಿ ನಿಮಿಷಕ್ಕೆ ಎರಡು ಬರುತ್ತಾ ನೋಡು ಅಂತ ನಿನ್ನೆ ರಾತ್ರಿ ಹೇಳಿದ್ದೇನೆ. ಭಾನುವಾರ ನೋಟ್‌ಬುಕ್ ತಗೊಂಡು ನಾನೇ ಹೋಗಿ ಬರುತ್ತೇನೆ.